ಚಿನ್ನದ ಗಣಿಯ ಯಂತ್ರಗಳು: ತಿದಿ, ಬುಗುರಿ, ಹಿಡಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲಿನಲ್ಲಿ ಕುಳಿತರೆ, ಕೋರಮಂಡಲ್ ನಿಲ್ದಾಣ ದಾಟಿದ ಮೇಲೆ ಉರಿಗಾಂ ಬರುತ್ತದೆ. ಹೆಸರು ಕೇಳಿದೊಡನೆಯೇ ನನ್ನ ತರಗತಿಯ ಹುಡುಗರು 'ಉರಿ' ಎಂದರೆ ಬೆಂಕಿ, 'ಗಾಂ' ಎಂದರೆ ಗ್ರಾಮ ಎಂದು ಪದವನ್ನು ಬಿಡಿಸಿಬಿಡುತ್ತಾರೆ. ಕನ್ನಡ ಪಂಡಿತನಾದ ನಾನು ಅದಕ್ಕೆ ರುಜು ಹಾಕಲಾರೆ. ಊರ ಹೆಸರುಗಳು ವ್ಯಾಕರಣಕ್ಕೆ ಅಷ್ಟು ಸುಲಭವಾಗಿ ತಲೆಬಾಗುವುದಿಲ್ಲ. ಆದರೂ ಈ ಊರಿನ ನೂರಿಪ್ಪತ್ತೈದು ವರ್ಷದ ಕಥೆಯೆಲ್ಲ ಬೆಂಕಿ, ಗಾಳಿ, ಉಕ್ಕು ಇವುಗಳ ಕಥೆಯೇ ಎಂಬುದರಲ್ಲಿ ಸಂದೇಹವಿಲ್ಲ. ಆ ಕಥೆಯ ಒಂದು ಎಳೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದಕ್ಕೆ ನೆವವಾದುದು ನನ್ನ ಕಾರು.

ಉಪಾಧ್ಯಾಯನಿಗೇಕೆ ಕಾರು ಎನ್ನುವಿರೇನೋ. ಬೇರೊಬ್ಬರು ಬಳಸಿ ಬಿಟ್ಟ ಹಳೆಯ ಡೀಸೆಲ್ ಗಾಡಿ ಅದು, ಟರ್ಬೊ ಎಂಜಿನ್ನಿನದು. ಸಂಸಾರಸಮೇತನಾಗಿ ನಂದಿಬೆಟ್ಟಕ್ಕೆ ಹೋದಾಗ ಏರಿನ ನಡುವೆ ಅದು ವಿಚಿತ್ರವಾಗಿ ವರ್ತಿಸಿತು. ಕಾಲನ್ನು ಒತ್ತಿದರೆ ಎಂಜಿನ್ನು ಆರ್ಭಟಿಸುತ್ತದೆ, ಮುಳ್ಳು ಮೇಲೇರುತ್ತದೆ, ಗಾಡಿ ಮಾತ್ರ ಆಮೆಯ ನಡಿಗೆಯಲ್ಲಿಯೇ ಇದೆ. ಹಿಂದೆ ಕರಿಯ ಹೊಗೆ, ಮುಂದೆ ಎಲ್ಲಿಯೋ ಹಾವು ಬುಸುಗುಟ್ಟಿದಂಥ ಸದ್ದು, ಜೊತೆಗೆ ಸುಟ್ಟ ವಾಸನೆ. ಹೇಗೋ ಮರಳಿ ಬಂದು, ರಾಬರ್ಟ್‌ಸನ್‌ಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿಗೆ ಅದನ್ನು ಒಯ್ದೆ.

ಅವನು ಮುಚ್ಚಳ ತೆರೆಯಲಿಲ್ಲ. ಗಾಡಿಯ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಒಳಗೆ ಕುಳಿತು, ಕೈಬ್ರೇಕನ್ನು ಬಿಗಿಯಾಗಿ ಎಳೆದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟ. ಚಕ್ರ ಕಟ್ಟಿದೆ, ಗೇರು ಕೂಡಿದೆ. ಕ್ಲಚ್ಚು ನೆಟ್ಟಗಿದ್ದರೆ ಎಂಜಿನ್ನು ಉಸಿರುಗಟ್ಟಿ ನಿಲ್ಲಲೇಬೇಕು. ನಿಲ್ಲಲಿಲ್ಲ. ಏನೂ ಆಗದಂತೆ ಓಡುತ್ತಲೇ ಇತ್ತು. 'ಬಲ ಹೆಚ್ಚು ಮಾಡಿದ್ದಾರೆ ಸಾರ್, ಹಿಡಿ ಹಳೇದೇ ಬಿಟ್ಟಿದ್ದಾರೆ' ಎಂದ. ನನ್ನ ಮನಸ್ಸು ಅವನ ಮಾತಿನ ಮೇಲೆ ಇರಲಿಲ್ಲ. ಆ ಪರೀಕ್ಷೆಯನ್ನು ನಾನು ಹಿಂದೆ ಕೇಳಿದ್ದೆ, ಕಾರಿನ ವಿಚಾರವಾಗಿ ಅಲ್ಲ. ಎಲ್ಲಿ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಪದಗಳ ವಿಚಾರ. ಅದು ನನ್ನ ಕಸುಬು. ಟರ್ಬೊ ಎಂಬುದು ಲ್ಯಾಟಿನ್ ಮಾತು. ಸುಳಿಗಾಳಿ ಎಂದೂ ಅದಕ್ಕೆ ಅರ್ಥವುಂಟು, ಹುಡುಗರು ದಾರ ಸುತ್ತಿ ಆಡಿಸುವ ಬುಗುರಿ ಎಂದೂ ಅರ್ಥವುಂಟು. ಇದೇ ಬೇರಿನಿಂದ ಫ್ರಾನ್ಸಿನ ಕ್ಲೋಡ್ ಬುರ್ದ್ಯಾಂ ಎಂಬ ಎಂಜಿನಿಯರು 1822ರಲ್ಲಿ ಟರ್ಬೈನ್ ಎಂಬ ಹೆಸರನ್ನು ಕಟ್ಟಿದನು. ಕ್ಲಚ್ ಎಂದರೆ ಹಿಡಿ, ಮುಷ್ಟಿ. ಇನ್ನು ಈ ಬುಗುರಿ ಮಾಡುವ ಕೆಲಸಕ್ಕೆ ನಮ್ಮಲ್ಲಿ ಪುರಾತನವಾದ ಹೆಸರಿದೆ: ತಿದಿ. ಕಮ್ಮಾರನು ತಿದಿಯೊತ್ತಿದರೆ ಇದ್ದಿಲು ಬೆಳ್ಳಗೆ ಕಾಯುತ್ತದೆ, ಬಿಟ್ಟರೆ ಮಸುಳುತ್ತದೆ. ಒಲೆಯೂ ಅದೇ, ಇದ್ದಿಲೂ ಅದೇ. ಹೆಚ್ಚಿದ್ದು ಗಾಳಿ ಮಾತ್ರ. ಟರ್ಬೊ ಎಂಬುದು ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುವ ಕುಲುಮೆ. ಎಂಜಿನ್ನು ಹೊರಗೆ ಚೆಲ್ಲುವ ಬಿಸಿಹೊಗೆ ಒಂದು ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿ ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿನೊಳಕ್ಕೆ ಒತ್ತುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಎಣ್ಣೆಯನ್ನು ಉರಿಸಬಹುದು, ಹೆಚ್ಚು ಬಲ ಪಡೆಯಬಹುದು.

ಬಲವನ್ನು ಹೆಚ್ಚಿಸುವ ಈ ಹಂಬಲ ಉರಿಗಾಂವಿಗೆ ಹೊಸದಲ್ಲ. 1802ರಲ್ಲಿ ಗಡಿಯ ಅಳತೆಗೆಂದು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಈ ಸೀಮೆಯ ಜನ ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದನು. ಆಗ ಯಂತ್ರವೆಂದರೆ ಎರಡು ಕೈ, ಒಂದು ಮರಿಗೆ. ನ್ಯೂಜಿಲೆಂಡಿನ ಯುದ್ಧದಿಂದ ಹಿಂದಿರುಗಿ ಬೆಂಗಳೂರಿನಲ್ಲಿ ನೆಲಸಿದ್ದ ಲಾವೆಲ್ ಎಂಬ ಸಿಪಾಯಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡು, 1875ರಲ್ಲಿ ಪರವಾನಗಿ ಪಡೆದು, ಉರಿಗಾಂ ಬಳಿ ಬಾವಿ ತೋಡಿಸಿದನು. ಹಣ ಸಾಲಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. ಸ್ವಲ್ಪ ಕಾಲ ಅವರೂ ಕೈಸುಟ್ಟುಕೊಂಡರು. ಚಾಂಪಿಯನ್ ಎಂದು ಹೆಸರಾದ ಚಿನ್ನದ ಪದರ ಸಿಕ್ಕಿದ ಮೇಲೆ ಎಲ್ಲರ ಅದೃಷ್ಟವೂ ತಿರುಗಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳು ನೆಲೆಯಾದವು. ನನ್ನ ಕಾರು ಮುಗ್ಗರಿಸಿದ ಬೆಟ್ಟದ ಹೆಸರೇ ನಮ್ಮ ಒಂದು ಗಣಿಗೂ ಇದೆ, ನೋಡಿ.

ಆ ಕಾಲದ ಯಂತ್ರಗಳೆಲ್ಲ ಉಗಿಯವು. ಬೆಣಚುಕಲ್ಲನ್ನು ಕುಟ್ಟುವ ಒನಕೆಗಳಿಗೆ ಉಗಿ, ನೀರೆತ್ತುವುದಕ್ಕೆ ಉಗಿ, ಆಳುಗಳನ್ನೂ ಅದಿರನ್ನೂ ಮೇಲೆ ತರುವುದಕ್ಕೆ ಉಗಿ. ಉಗಿಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲುಹಾದಿ ಬಂದುದರಿಂದ ಸಾಗಣೆ ಸುಲಭವಾಯಿತು. ಆದರೆ ದೂರದಿಂದ ಬರುವ ಕಲ್ಲಿದ್ದಲಿನ ಬೆಲೆ ಇಳಿಯಲಿಲ್ಲ. ಗಣಿ ಆಳವಾದಷ್ಟೂ ಯಂತ್ರದ ಹಸಿವು ಬೆಳೆಯಿತು.

ಆಗ ನಡೆದುದು ನಮ್ಮ ನಾಡು ಕಂಡ ಬಹು ದೊಡ್ಡ ಮಾರ್ಪಾಟು. ಕಾವೇರಿಯ ಶಿವನಸಮುದ್ರದಲ್ಲಿ ಸ್ವಿಟ್ಜರ್‌ಲೆಂಡಿನ ಎಷರ್ ವೀಸ್ ಕಂಪನಿಯ ನೀರಿನ ಟರ್ಬೈನುಗಳನ್ನೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುದ್ಯಂತ್ರಗಳನ್ನೂ ನಿಲ್ಲಿಸಿ, 147 ಕಿಲೋಮೀಟರು ತಂತಿ ಎಳೆದು, 1902ರ ಜೂನ್ 30ರಂದು ಗಣಿಗಳಿಗೆ ವಿದ್ಯುತ್ತನ್ನು ತಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹಮ್ಮಿಕೊಂಡ ಕೆಲಸ. ಮುಗಿದುದನ್ನು ನೋಡಲು ಅವರು ಉಳಿದಿರಲಿಲ್ಲ. ಕೆಲಸವನ್ನು ನಡೆಸಿದವರು ಜೋಲಿ ದ ಲಾಟ್‌ಬಿನಿಯರ್ ಎಂಬ ಎಂಜಿನಿಯರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ ಎಂಬುದನ್ನು ಉರಿಗಾಂವಿನ ಹಿರಿಯರು ರಾಜಧಾನಿಯ ನೆಂಟರಿಗೆ ನೆನಪಿಸದೆ ಬಿಡುತ್ತಿರಲಿಲ್ಲ.

ಬಲ ಬಂದಿತು. ತೊಡಕು ಹೋಯಿತೆ? ಹೋಗಲಿಲ್ಲ, ಜಾಗ ಬದಲಿಸಿತು. ಹಿಂದೆ ಕಲ್ಲಿದ್ದಲಿನಲ್ಲಿದ್ದ ತೊಡಕು ಈಗ ಹೊಳೆಗೆ ಬಂದಿತು. ಬೇಸಗೆಯಲ್ಲಿ ಕಾವೇರಿ ಬಡವಾದರೆ ನೂರೈವತ್ತು ಕಿಲೋಮೀಟರು ಆಚೆಯ ಗಣಿಯಲ್ಲಿ ಒನಕೆ ನಿಧಾನವಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಿದುದಕ್ಕೆ ಮಂಡ್ಯದ ಗದ್ದೆಗಳಷ್ಟೇ ಕಾರಣವಲ್ಲ. ಕೋಲಾರದ ಗಣಿಗಳಿಗೆ ವರ್ಷವೆಲ್ಲ ತಪ್ಪದೆ ವಿದ್ಯುತ್ತನ್ನು ಒದಗಿಸುವುದೂ ಒಂದು ಕಾರಣ. ಒಂದು ಕಡೆ ಬಲ ಕೂಡಿಸಿದರೆ ಅದರ ಭಾರ ಮುಂದಿನ ಕೊಂಡಿಯ ಮೇಲೆ ಬೀಳುತ್ತದೆ. ರಾಬರ್ಟ್‌ಸನ್‌ಪೇಟೆಯ ಹುಡುಗ ನನ್ನ ಕಾರಿನ ಬಗೆಗೆ ಹೇಳಿದುದೂ ಇಷ್ಟೇ ಅಲ್ಲವೆ?

ಈಗ ಗಾಳಿಯ ಮಾತು. ವಿದ್ಯುತ್ತು ಬಂದ ಮೇಲೆ ಗಣಿಯಲ್ಲಿ ಅದು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು, ಗಾಳಿಯನ್ನು ಅದುಮುವುದು. ಬಂಡೆಗೆ ತೂತು ಕೊರೆಯುವ ಡ್ರಿಲ್ಲುಗಳು ಅದುಮಿದ ಗಾಳಿಯಿಂದ ನಡೆಯುತ್ತವೆ. ಸೈಕಲ್ ಪಂಪನ್ನು ನಾಲ್ಕು ಸಲ ಒತ್ತಿ ಅದರ ಬುಡವನ್ನು ಮುಟ್ಟಿನೋಡಿ: ಬಿಸಿ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ, ಕಾದರೆ ಹಿಗ್ಗುತ್ತದೆ, ಹಿಗ್ಗಿದ ಗಾಳಿಯನ್ನು ಮತ್ತೆ ಅದುಮಲು ಹೆಚ್ಚು ಶ್ರಮ. ಆದುದರಿಂದ ಗಣಿಯ ಕಂಪ್ರೆಸರುಗಳು ಗಾಳಿಯನ್ನು ಒಂದೇ ಏಟಿಗೆ ಅದುಮುವುದಿಲ್ಲ. ಅರ್ಧ ಅದುಮಿ, ನಡುವೆ ತಣ್ಣೀರಿನ ಕೊಳವೆಗಳ ಮೇಲೆ ಹಾಯಿಸಿ ತಣಿಸಿ, ಬಳಿಕ ಪೂರ್ತಿ ಅದುಮುತ್ತವೆ. ಈ ನಡುತಂಪಿನ ಪೆಟ್ಟಿಗೆಗೆ ಇಂಟರ್‌ಕೂಲರ್ ಎಂದು ಹೆಸರು. ನಿಮ್ಮ ಟರ್ಬೊ ಕಾರಿನ ಮೂತಿಯ ಬಳಿ ಇರುವ ಜಾಲರಿಯಂಥ ಪೆಟ್ಟಿಗೆಗೂ ಅದೇ ಹೆಸರು, ಅದೇ ಕೆಲಸ. ಅಲ್ಲಿ ನೀರು, ಇಲ್ಲಿ ಸಾಮಾನ್ಯವಾಗಿ ಎದುರುಗಾಳಿ, ಅಷ್ಟೇ ವ್ಯತ್ಯಾಸ.

ಹೀಗೆ ಅದುಮಿದ ಗಾಳಿಯನ್ನು ಎಂಜಿನ್ನಿಗೇ ಊಡುವ ಉಪಾಯವನ್ನು 1905ರಲ್ಲಿ ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಕಂಡುಹಿಡಿದು ಹಕ್ಕುಪತ್ರ ಪಡೆದನು. ಎರಡು ದಶಕ ಅದು ಹೆಚ್ಚಾಗಿ ಕಾಗದದಲ್ಲಿಯೇ ಇದ್ದು, ಆಮೇಲೆ ಜರ್ಮನಿಯ ಎರಡು ಹಡಗುಗಳಲ್ಲಿ ಅಳವಡಿಸಿದಾಗ 1,750 ಕುದುರೆಬಲದ ಎಂಜಿನ್ನು 2,500 ಕುದುರೆಬಲವನ್ನು ಕೊಟ್ಟಿತು. ಅಷ್ಟರಲ್ಲಿ ವಿಮಾನದವರಿಗೆ ಬೇರೆ ಚಿಂತೆ ಹತ್ತಿತ್ತು. ಎತ್ತರದಲ್ಲಿ ಗಾಳಿ ತೆಳು, ಎಂಜಿನ್ನಿಗೆ ಉಬ್ಬಸ. ಶಿವನಸಮುದ್ರಕ್ಕೆ ಯಂತ್ರಗಳನ್ನು ಕಳುಹಿಸಿದ ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಎಂಬಾತ 1918ರಲ್ಲಿ ಒಂದು ವಿಮಾನದ ಎಂಜಿನ್ನನ್ನು ಲಾರಿಯ ಮೇಲೇರಿಸಿ, ಕೊಲೊರಾಡೋದ ಪೈಕ್ಸ್ ಶಿಖರದ ತುದಿಗೆ, ಸುಮಾರು 4,300 ಮೀಟರು ಎತ್ತರಕ್ಕೆ ಒಯ್ದನು. ಕೆಳಗೆ 350 ಕುದುರೆಬಲ ಕೊಡುತ್ತಿದ್ದ ಎಂಜಿನ್ನು ಅಲ್ಲಿ 230ಕ್ಕೆ ಇಳಿಯಿತು. ಬುಗುರಿಯನ್ನು ಕೂಡಿಸಿದೊಡನೆ 356 ಕೊಟ್ಟಿತು.

ಕಾರಿಗೆ ಟರ್ಬೊ ಬಂದುದು 1962ರಲ್ಲಿ, ಅಮೆರಿಕದಲ್ಲಿಯೇ. ಮೊದಲ ಎರಡರಲ್ಲಿ ಒಂದಾದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಎಂಬ ಕಾರಿನ ಕಥೆ ಕೇಳತಕ್ಕದ್ದು. ಗಾಳಿಯನ್ನು ಒತ್ತಿ ತುಂಬಿದಾಗ ಪೆಟ್ರೋಲು ಹೊತ್ತಿಗೆ ಮುಂಚೆಯೇ ಉರಿದು ಎಂಜಿನ್ನಿನೊಳಗೆ ಬಡಿತ ಏಳುತ್ತಿತ್ತು. ಅದನ್ನು ತಡೆಯಲು ನೀರು ಮತ್ತು ಮಿಥೈಲ್ ಆಲ್ಕೊಹಾಲಿನ ಮಿಶ್ರಣವನ್ನು ಸಿಂಪಡಿಸುವ ಏರ್ಪಾಡು ಮಾಡಿದರು. ಆ ದ್ರವದ ಡಬ್ಬಿಯನ್ನು ಕಾಲಕಾಲಕ್ಕೆ ತುಂಬುವುದು ಒಡೆಯನ ಹೊಣೆ. ಒಡೆಯರು ಮರೆತರು. ಡಬ್ಬಿ ಬರಿದಾದರೆ ಯಂತ್ರವು ತಾನೇ ಗಾಳಿಯ ಒತ್ತಡವನ್ನು ಕಡಿತಗೊಳಿಸುತ್ತಿತ್ತು. 'ಹೊಸ ಕಾರಿನಲ್ಲಿ ಬಲವೇ ಇಲ್ಲ' ಎಂದು ದೂರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನು ಕಳಚಿಯೇ ಹಾಕಿದರು. ಮುಂದೆ 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸಾಬ್ ಕಾರೂ ಟರ್ಬೊ ಡೀಸೆಲ್ಲುಗಳೂ ಅದಕ್ಕೆ ಮರುಜೀವ ಕೊಟ್ಟವು. ಇಂದು ನಮ್ಮ ಬೀದಿಗಳಲ್ಲಿ ಟರ್ಬೊ ಇಲ್ಲದ ಡೀಸೆಲ್ ಕಾರನ್ನು ಹುಡುಕಬೇಕು.

ಹಿಡಿಯ ಚರಿತ್ರೆ ಇದಕ್ಕಿಂತ ಹಳ್ಳಿಗಾಡಿನದು. ಇಂಗ್ಲೆಂಡಿನ ಡರ್ಬಿಷೈರಿನಲ್ಲಿ ರೈತರು ಗಾಡಿಯ ಬ್ರೇಕಿನ ಕಟ್ಟಿಗೆಗೆ ಹಳೆಯ ಬೂಟಿನ ತೊಗಲನ್ನು ಬಡಿದು ಇಳಿಜಾರು ಇಳಿಯುತ್ತಿದ್ದರಂತೆ. ಅದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿನ ಪಟ್ಟಿ ಮಾಡುವ ಉದ್ಯಮ ಹೂಡಿದನು. ಫೆರೋಡೊ ಎಂಬ ಹೆಸರು ಅವನ ಹೆಸರಿನ ಅಕ್ಷರಗಳಿಂದಲೇ ಹುಟ್ಟಿದುದು. ಕ್ಲಚ್ಚಿನ ತಟ್ಟೆಯ ಮೇಲಿನ ಒರಟು ಹೊದಿಕೆ ಆ ಬೂಟಿನ ತೊಗಲಿನ ಮೊಮ್ಮಗನೇ. ಎಂಜಿನ್ನಿನ ಭಾರಿ ಚಕ್ರಕ್ಕೆ ಆ ತಟ್ಟೆಯನ್ನು ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಇಂತಿಷ್ಟು ಒತ್ತಡಕ್ಕೆ ಇಂತಿಷ್ಟೇ ತಿರುಚುಬಲವನ್ನು ಅದು ಹೊತ್ತೀತು. ಅದಕ್ಕಿಂತ ಹೆಚ್ಚು ಬಂದರೆ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಇನ್ನಷ್ಟು ಜಾರುತ್ತದೆ.

ಇನ್ನು ನಾನು ಮುಂದೆ ಹೇಳುವೆನೆಂದ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಡ್ರೈವರ್ ಎಂದರೆ ಮೋಟಾರಿನವನೆಂದು ತಿಳಿಯಬೇಡಿ. ಎಂಜಿನ್ ಮನೆಯಲ್ಲಿ ಕುಳಿತು, ಕಣ್ಣಿಗೆ ಕಾಣದ ಆಳಕ್ಕೆ ಪಂಜರವನ್ನು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ನಿನವನೇ ಡ್ರೈವರು. ನಮ್ಮ ತಂದೆ ಅಂಥವರಲ್ಲಿ ಒಬ್ಬರು. ಎರಡು ದೊಡ್ಡ ಉರುಳೆಗಳು, ಒಂದೊಂದಕ್ಕೂ ಒಂದು ಉಕ್ಕಿನ ಹಗ್ಗ, ಒಂದೊಂದು ಪಂಜರ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ತಕ್ಕಡಿಯಂತೆ ಒಂದರ ತೂಕವನ್ನು ಇನ್ನೊಂದು ತೂಗುವುದರಿಂದ ಎಂಜಿನ್ನಿಗೆ ಹಗುರ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಷ್ಟು ಆಳಕ್ಕೆ ಒಂದೇ ಹಗ್ಗ ಇಳಿಯುವುದಿಲ್ಲ, ನೆಲದೊಳಗೇ ಮತ್ತೊಂದು ಎಂಜಿನ್ ಮನೆ, ಅಲ್ಲಿಂದ ಮತ್ತೊಂದು ಬಾವಿ. ಹಗ್ಗದ ತೂಕವೇ ಎಷ್ಟೋ ಟನ್ನು.

ಕೆಲಸ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಬದಲಾದಾಗ ಹಗ್ಗಗಳ ಉದ್ದವನ್ನು ಹೊಂದಿಸಬೇಕು. ಆಗ ಒಂದು ಉರುಳೆಯನ್ನು ಕ್ಲಚ್ಚಿನಿಂದ ಬಿಡಿಸಿ, ಬ್ರೇಕಿನಲ್ಲಿ ಕಟ್ಟಿ ನಿಲ್ಲಿಸಿ, ಇನ್ನೊಂದನ್ನು ಮಾತ್ರ ತಿರುಗಿಸಿ, ಮತ್ತೆ ಕೂಡಿಸುತ್ತಾರೆ. ಬಿಡಿಸಿದ ಕ್ಷಣದಿಂದ ಕೂಡಿಸುವ ಕ್ಷಣದವರೆಗೆ ಆ ಪಂಜರವೂ ಆ ಟನ್ನುಗಟ್ಟಲೆ ಹಗ್ಗವೂ ಬ್ರೇಕೊಂದರ ಮೇಲೆಯೇ ನೇತಾಡುತ್ತವೆ. ಆ ಹೊತ್ತಿನಲ್ಲಿ ಪಂಜರದಲ್ಲಿ ಮನುಷ್ಯರು ಇರಕೂಡದು. ಬ್ರೇಕು ಬೀಳದೆ ಕ್ಲಚ್ಚು ಬಿಡದಂತೆ ಯಂತ್ರದಲ್ಲಿಯೇ ಅಡ್ಡಗೀಲು ಇರುತ್ತದೆ. ಆದರೂ ತಂದೆ ಅಡ್ಡಗೀಲನ್ನು ನಂಬಿ ಕೂಡುತ್ತಿರಲಿಲ್ಲ. ಬಿಡಿಸುವ ಮೊದಲು ಬ್ರೇಕು ಹಾಕಿ, ಅದರ ವಿರುದ್ಧವಾಗಿಯೇ ಮೋಟಾರಿನ ಬಲವನ್ನು ಕೊಟ್ಟುನೋಡುತ್ತಿದ್ದರು. ಉರುಳೆ ಕದಲಿತೋ, ಬ್ರೇಕು ಸೋತಿದೆ. ಮರಳಿ ಕೂಡಿಸಿದ ಮೇಲೆ ಮತ್ತೊಮ್ಮೆ ಬಲ ಕೊಟ್ಟು, ಕ್ಲಚ್ಚು ಕಚ್ಚಿದೆಯೇ ಎಂದು ನೋಡಿ, ಆಮೇಲೆಯೇ ಬ್ರೇಕನ್ನು ಸಡಿಲಿಸುತ್ತಿದ್ದರು. 'ಕಟ್ಟಿಹಾಕಿ ಎಳೆದು ನೋಡು, ಜಾರಿದರೆ ಜನ ಹತ್ತಿಸಬೇಡ' ಎಂದು ಊಟಕ್ಕೆ ಕುಳಿತಾಗ ಹೇಳುತ್ತಿದ್ದುದು ನನಗೆ ಬಾಯಿಪಾಠ. ಉಪ್ಪಿಟ್ಟಿನ ತಟ್ಟೆಯನ್ನು ಉರುಳೆಯಾಗಿಯೂ ಲೋಟವನ್ನು ಬ್ರೇಕಾಗಿಯೂ ಇಟ್ಟು ತೋರಿಸುವರು. ನಾನು ಹಳಗನ್ನಡದ ಪರೀಕ್ಷೆಗೆ ಓದುತ್ತಿದ್ದೆ, ಅರ್ಧಕಿವಿಯಲ್ಲಿ ಕೇಳಿದೆ. ಆ ವಿದ್ಯೆಯನ್ನು ಅವರೂ ಬರೆದಿಡಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರದ ಕೈಗೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾದವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಆಳದ ಸುರಂಗಗಳಿಗೆ ನೀರು ತುಂಬಿತು. ತಂದೆ ಆಮೇಲೆ ಕೆಲವು ತಿಂಗಳು ಪಾಳಿಯ ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು, ಬೂಟಿನ ಕಡೆ ನೋಡಿ ಮತ್ತೆ ಮಲಗುತ್ತಿದ್ದರು. ಊರಿನಲ್ಲಿ ಉಳಿದ ದೊಡ್ಡ ಕಾರ್ಖಾನೆ 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಒಂದೇ. ಅಲ್ಲಿ ಬುಲ್‌ಡೋಜರುಗಳನ್ನು ಮಾಡುತ್ತಾರೆ. ಇಂಥ ಭಾರಿ ಯಂತ್ರಗಳ ಡೀಸೆಲ್ ಎಂಜಿನ್ನುಗಳಿಗೂ ಟರ್ಬೊ ಸಾಮಾನ್ಯ. ಗಣಿಯವರ ಮಕ್ಕಳು ಕೆಲವರು ಅಲ್ಲಿಗೆ ಹೋದರು, ಅನೇಕರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದರು, ಕೆಲವರು ಇಲ್ಲಿಯೇ ಗ್ಯಾರೇಜು ಹಾಕಿದರು.

ನನ್ನ ವಿದ್ಯಾರ್ಥಿಯ ಅಜ್ಜ ಗಣಿಯ ಫಿಟ್ಟರು. ಕೈಬ್ರೇಕಿನ ಪರೀಕ್ಷೆಯನ್ನು ಎಲ್ಲಿ ಕಲಿತೆಯಪ್ಪಾ ಎಂದರೆ, 'ತಾತ ಹೇಳಿಕೊಟ್ಟಿದ್ದು ಸಾರ್' ಎಂದ. ಅವನು ನನ್ನ ಕಾರಿಗೆ ಮಾಡಿದ ಉಪಚಾರವನ್ನೂ ಹೇಳಿಬಿಡುತ್ತೇನೆ, ನಿಮಗೂ ಬೇಕಾದೀತು. ಬುಸುಗುಟ್ಟುವ ಸದ್ದಿಗೆ ಅವನು ಮೊದಲು ಟರ್ಬೊವನ್ನು ದೂಷಿಸಲಿಲ್ಲ. ಗಾಳಿಯ ರಬ್ಬರು ಕೊಳವೆಗಳಿಗೆ ಸಾಬೂನುನೀರು ಬಳಿದು, ಹೊರಗಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಗುಳ್ಳೆ ಏಳುವುದೆಲ್ಲಿ ಎಂದು ನೋಡಿದ. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಕೊಳವೆ ಪಟ್ಟಿಯ ಅಡಿಯಲ್ಲಿ ಸೀಳಿತ್ತು. ಅದುಮಿದ ಗಾಳಿ ಅಲ್ಲಿ ಸೋರಿಹೋಗುತ್ತಿತ್ತು. ಎಣ್ಣೆಗೆ ತಕ್ಕ ಗಾಳಿಯಿಲ್ಲದೆ ಕರಿಯ ಹೊಗೆ ಬರುತ್ತಿತ್ತು. ಹೊಗೆ ನೀಲಿಯಾಗಿದ್ದರೆ ಬೇರೆ ಮಾತು, ಆಗ ಎಂಜಿನ್ ಆಯಿಲ್ಲು ಸುಡುತ್ತಿದೆ, ಟರ್ಬೊವಿನ ಅಚ್ಚಿನ ಸೀಲು ಹೋಗಿದ್ದೀತು. ಆ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ಆಯಿಲ್ಲಿನ ತೆಳುಪದರವೊಂದೇ ಅದಕ್ಕೆ ಆಸರೆ. ಆಯಿಲ್ಲು ತರುವ ಸಣ್ಣ ಕೊಳವೆ ಕಟ್ಟಿಕೊಂಡಿದ್ದರೆ ಹಳೆಯದನ್ನು ಕೊಂದ ರೋಗವೇ ಹೊಸದನ್ನೂ ಕೊಲ್ಲುತ್ತದೆ. ಬೆಟ್ಟ ಹತ್ತಿ ಬಂದೊಡನೆ ಎಂಜಿನ್ನನ್ನು ನಿಲ್ಲಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಡಿ ಎಂಬುದು ಇದಕ್ಕಾಗಿಯೇ.

ಕ್ಲಚ್ಚನ್ನು ಬಿಚ್ಚಿದಾಗ ಭಾರಿ ಚಕ್ರದ ಮೇಲೆ ನವಿಲಿನ ಬಣ್ಣದ ಕಲೆಗಳು, ತಟ್ಟೆ ಸವೆದು ರಿವೆಟ್ಟು ಮುಟ್ಟಿತ್ತು. ಹಿಂದಿನ ಒಡೆಯರು ಎಲ್ಲಿಯೋ ಕಾರಿನ ಕಂಪ್ಯೂಟರಿನ ಲೆಕ್ಕವನ್ನು ತಿದ್ದಿಸಿ, ಟರ್ಬೊವಿನ ಒತ್ತಡವನ್ನೂ ಎಣ್ಣೆಯನ್ನೂ ಏರಿಸಿದ್ದರಂತೆ. ಸಮತಟ್ಟಿನಲ್ಲಿ ಒಬ್ಬನೇ ಹೋಗುವಾಗ ಅದು ತಿಳಿಯದು. ಐದು ಜನರನ್ನು ಹೊತ್ತು ನಂದಿಬೆಟ್ಟದ ತಿರುವಿನಲ್ಲಿ ತಿಳಿಯುತ್ತದೆ. ತಟ್ಟೆಯ ಮೇಲೆ ಆಯಿಲ್ಲು ಜಿನುಗಿ ಜಾರಿರಬಹುದೇ ಎಂದೂ ಅವನು ನೋಡಿದ. ಒಣಗಿತ್ತು. ಹಾಗೆ ನೋಡದೆ ಹೊಸ ತಟ್ಟೆ ಹಾಕುವವರ ಬಗೆಗೆ ಅವನಿಗೆ ಗೌರವವಿಲ್ಲ.

'ಗಟ್ಟಿ ಸ್ಪ್ರಿಂಗಿನ ಕ್ಲಚ್ಚು ಹಾಕಲೇ, ಲೆಕ್ಕವನ್ನು ಹಿಂದಕ್ಕೆ ತಿದ್ದಲೇ?' ಎಂದು ಕೇಳಿದ. ಗಟ್ಟಿ ಕ್ಲಚ್ಚಾದರೆ ಜಾರುವುದಿಲ್ಲ. ಕಾಲಿಗೆ ಮಾತ್ರ ಭಾರ, ಜೊತೆಗೆ ಅದರ ಮುಂದಿನ ಗೇರಿಗೂ ಅಚ್ಚಿಗೂ ಹೆಚ್ಚಿನ ತಿರುಚು. ಕಾವೇರಿಯಿಂದ ಕನ್ನಂಬಾಡಿಗೆ ಹೋದಂತೆ ಎಲ್ಲಿಗೆ ಹೋಗುವುದು, ಉಪಾಧ್ಯಾಯನ ಸಂಬಳದಲ್ಲಿ? ಹಿಂದಕ್ಕೆ ತಿದ್ದು ಎಂದೆ. ಹೊಸ ತಟ್ಟೆ, ಹೊಸ ಕೊಳವೆ, ಹಳೆಯ ಲೆಕ್ಕ.

ಎಲ್ಲ ಜೋಡಿಸಿದ ಮೇಲೆ ಅವನು ನನ್ನನ್ನೇ ಒಳಗೆ ಕೂಡಿಸಿದ. ಕೈಬ್ರೇಕು ಎಳೆದೆ, ಮೇಲಿನ ಗೇರಿಗೆ ಹಾಕಿದೆ, ಎಡಗಾಲನ್ನು ಮೆಲ್ಲನೆ ಸಡಿಲಿಸಿದೆ. ಎಂಜಿನ್ನು ಒಮ್ಮೆ ನಡುಗಿ ನಿಂತುಬಿಟ್ಟಿತು. 'ಆಯ್ತು ಸಾರ್, ಇನ್ನು ಜನ ಹತ್ತಿಸಬಹುದು' ಎಂದ ಹುಡುಗ. ಈ ಮಾತು ಅವನಿಗೆ ಯಾರಿಂದ ಬಂದಿತೆಂದು ನಾನು ಕೇಳಲಿಲ್ಲ. ಹಣ ಕೊಟ್ಟು, ಸಂಜೆಯ ರೈಲು ಉರಿಗಾಂ ಬಿಡುವ ಹೊತ್ತಿಗೆ ಮನೆ ಸೇರಿದೆ.